ನಗಿಸುವ ಗಾಳಿ, ಅಳದ ಮಗು

ದಂತವೈದ್ಯರ ಕುರ್ಚಿಯನ್ನು ಕಂಡರೆ ದೊಡ್ಡವರ ಎದೆಯೇ ಡವಗುಟ್ಟುತ್ತದೆ; ಇನ್ನು ಐದಾರು ವರ್ಷದ ಮಗುವಿನ ಪಾಡೇನು? ಥಳಥಳಿಸುವ ಇಕ್ಕಳ, ಗುಂಯ್‌ಗುಡುವ ಯಂತ್ರ, ಮುಖದ ಮೇಲೆ ಸುರಿಯುವ ಬೆಳಕು ಇವುಗಳ ನಡುವೆ ಅದು ತಾಯಿಯ ಸೆರಗು ಹಿಡಿದು ಚೀರದಿದ್ದರೆ ಆಶ್ಚರ್ಯ. ಇಬ್ಬರು ಕೈಕಾಲುಗಳನ್ನು ಅದುಮಿ ಹಿಡಿದು ಕೆಲಸ ಮುಗಿಸಿದರೆ ಹುಳುಕು ಹಲ್ಲೇನೋ ಹೋದೀತು. ಮನಸ್ಸಿನಲ್ಲಿ ನೆಟ್ಟ ಭಯವನ್ನು ಕೀಳಬಲ್ಲ ಇಕ್ಕಳ ಮಾತ್ರ ಇಲ್ಲ. ಈ ಭಯವನ್ನು ತಗ್ಗಿಸಲು ವೈದ್ಯರ ಬಳಿಯಿರುವ ಸಾಧನಗಳಲ್ಲೊಂದು ನೈಟ್ರಸ್ ಆಕ್ಸೈಡ್, ಜನರ ಬಾಯಲ್ಲಿ ‘ನಗೆ ಅನಿಲ’.

ಇದರ ಚರಿತ್ರೆಯಲ್ಲಿ ನಗೆಗಿಂತ ಕಣ್ಣೀರೇ ಹೆಚ್ಚು. 1772ರಲ್ಲಿ ಇದನ್ನು ತಯಾರಿಸಿದವನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ. ಬ್ರಿಸ್ಟಲ್ ನಗರದಲ್ಲಿ ಹಂಫ್ರಿ ಡೇವಿ ಎಂಬ ತರುಣನು ಇದನ್ನು ತಾನೇ ಸೇವಿಸಿ, ವಸಡಿನ ನೋವು ಶಮನವಾದುದನ್ನು ಕಂಡು, ಶಸ್ತ್ರಚಿಕಿತ್ಸೆಗೆ ಉಪಯೋಗವಾಗಬಹುದೆಂದು 1800ರ ತನ್ನ ಗ್ರಂಥದಲ್ಲಿ ಬರೆದನು. ಆದರೂ ನಾಲ್ಕು ದಶಕಗಳ ಕಾಲ ಅದು ಜಾತ್ರೆಯ ವಿನೋದವಾಗಿಯೇ ಉಳಿಯಿತು!

1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಕೋಲ್ಟನ್ ಎಂಬಾತನು ಅಂಥದೇ ಪ್ರದರ್ಶನವನ್ನು ಏರ್ಪಡಿಸಿದ್ದನು. ಅನಿಲ ಸೇವಿಸಿ ಕುಣಿದ ಒಬ್ಬನ ಕಾಲಿಗೆ ಪೆಟ್ಟಾಗಿ ರಕ್ತ ಹರಿದರೂ ಅವನಿಗೆ ಅರಿವಿರಲಿಲ್ಲ. ಇದನ್ನು ಗಮನಿಸಿದವನು ಪ್ರೇಕ್ಷಕರಲ್ಲಿದ್ದ ದಂತವೈದ್ಯ ಹೊರೇಸ್ ವೆಲ್ಸ್. ಮರುದಿನವೇ ತಾನು ಅನಿಲ ಸೇವಿಸಿ, ಮಿತ್ರ ರಿಗ್ಸ್‌ನಿಂದ ತನ್ನ ಹಲ್ಲನ್ನು ಕೀಳಿಸಿಕೊಂಡನು, ನೋವು ತಿಳಿಯಲಿಲ್ಲ. ಆದರೆ ಮುಂದಿನ ತಿಂಗಳು ಬಾಸ್ಟನ್ನಿನ ವೈದ್ಯರ ಸಮ್ಮುಖದಲ್ಲಿ ಅನಿಲದ ಚೀಲವನ್ನು ಬೇಗನೆ ತೆಗೆದುದರಿಂದ ರೋಗಿ ಕೂಗಿಕೊಂಡನು. ಸಭೆ ಇದನ್ನು ಮೋಸವೆಂದು ಹೀಯಾಳಿಸಿತು. ಕೀರ್ತಿ ಈಥರ್ ಬಳಸಿದ ಮಾರ್ಟನ್ನನ ಪಾಲಾಯಿತು. ಕ್ಲೋರೋಫಾರ್ಮಿನ ಚಟಕ್ಕೆ ಸಿಕ್ಕ ವೆಲ್ಸ್, 1848ರಲ್ಲಿ ನ್ಯೂಯಾರ್ಕಿನ ಸೆರೆಮನೆಯಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ದಂತವೈದ್ಯರು ಅವನ ಹಿರಿಮೆಯನ್ನು ಒಪ್ಪಿ ಗೌರವಿಸಿದುದು 1864ರಲ್ಲಿ.

ಇಂದಿನ ವಿಧಾನ ಬಹಳ ಸೌಮ್ಯವಾದುದು. ಮಗುವಿನ ಮೂಗಿನ ಮೇಲೆ ಪುಟ್ಟ ಮುಸುಕೊಂದನ್ನು ಇಟ್ಟು, ವಿಮಾನ ಚಾಲಕನ ಆಟವೆಂದೋ ಏನೋ ಹೇಳಿ ನಂಬಿಸುತ್ತಾರೆ. ಮೊದಲು ಬರಿಯ ಆಮ್ಲಜನಕ. ಆಮೇಲೆ ಸ್ವಲ್ಪಸ್ವಲ್ಪವಾಗಿ ಅನಿಲ. ಸಾಮಾನ್ಯವಾಗಿ ಅದರ ಪ್ರಮಾಣ ನೂರಕ್ಕೆ 50ನ್ನು ಮೀರುವುದಿಲ್ಲ. ಆಮ್ಲಜನಕ ನೂರಕ್ಕೆ 30ಕ್ಕಿಂತ ಇಳಿಯದಂತೆ ಯಂತ್ರವೇ ತಡೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಬೆರಳು ಜುಮ್ಮೆನ್ನುತ್ತದೆ, ಮೈ ಹಗುರವಾಗುತ್ತದೆ. ಮಗು ನಿದ್ರಿಸುವುದಿಲ್ಲ, ಕರೆದರೆ ಓಗೊಡುತ್ತದೆ, ಬಾಯಿ ತೆರೆ ಎಂದರೆ ತೆರೆಯುತ್ತದೆ. ಹಲ್ಲು ಕೀಳುವುದಾದರೆ ವಸಡಿಗೆ ಸೂಜಿಮದ್ದು ಬೇಕೇ ಬೇಕು. ಆದರೆ ಆ ಸೂಜಿ ಈಗ ಮೊದಲಿನಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಮಗುವಿಗೆ ಮತ್ತೇರಿಸುತ್ತಾರೆಯೇ ಎಂಬ ತಾಯಿಯ ಅಳುಕು ಸಹಜವೇ. ಅನಿಲವು ರಕ್ತದಲ್ಲಿ ಬಹುಕಾಲ ನಿಲ್ಲುವುದಿಲ್ಲ; ಬಂದ ದಾರಿಯಲ್ಲೇ, ಉಸಿರಿನೊಡನೆ, ಹೊರಟುಹೋಗುತ್ತದೆ. ಕೊನೆಯಲ್ಲಿ ಐದು ನಿಮಿಷ ಶುದ್ಧ ಆಮ್ಲಜನಕ ಕೊಡುತ್ತಾರೆ. ಕೆಲವು ಮಕ್ಕಳಿಗೆ ಓಕರಿಕೆ ಬರುವುದುಂಟು. ಆದುದರಿಂದ ಹೊಟ್ಟೆ ಬಿರಿಯ ಉಣಿಸಿ ಕರೆತರುವುದು ಜಾಣತನವಲ್ಲ. ಬಿ-12 ಜೀವಸತ್ತ್ವದ ಕೊರತೆ, ಕಿವಿಯ ಸೋಂಕು, ಶ್ವಾಸಕೋಶದ ಬೇನೆ ಇದ್ದರೆ ಮುಂಚೆಯೇ ತಿಳಿಸಬೇಕು. ಮುಸುಕನ್ನೇ ಕಿತ್ತೊಗೆದು ಬಾಯಿಂದ ಚೀರುವ ಮಗುವಿಗೆ ಈ ಅನಿಲ ನಿರುಪಯೋಗಿ; ಅಲ್ಲಿ ವೈದ್ಯರ ತಾಳ್ಮೆ, ಸವಿಮಾತುಗಳೇ ಮೊದಲ ಮದ್ದು. ನೆಗಡಿಯಿಂದ ಮೂಗು ಕಟ್ಟಿದ್ದರಂತೂ ಅದು ಇಳಿಯುವವರೆಗೆ ಕಾದು, ಇನ್ನೊಂದು ದಿನ ಕರೆತರುವುದೇ ಲೇಸು.