ಹಣ ತೆತ್ತ ಗಿರಾಕಿಗೆ ದೊರಕುವುದೇನು?

ಊಟದ ಕೂಪನು ಕೊಂಡು ಎಲೆಯ ಮುಂದೆ ಕುಳಿತ ಗಿರಾಕಿಯಿಂದ ಸಾರಿಗೆಂದು ಬೇರೆ ಹಣ ಕೇಳುವ ಹೋಟೆಲು ಮುಂಬಯಿಯಲ್ಲಿ ಒಂದು ವಾರವೂ ಬಾಳದು. ಏನು ಬಡಿಸುವೆವು, ಎಷ್ಟು ಪಡೆಯುವೆವು ಎಂಬುದನ್ನು ಮೊದಲೇ ಬೋರ್ಡಿನ ಮೇಲೆ ಬರೆಯುವುದು ನಮ್ಮ ಕಸುಬಿನ ಧರ್ಮ. ಅಂತರ್ಜಾಲದ ಮೂಲಕ ಚಲಚ್ಚಿತ್ರಗಳನ್ನು ಫೋನಿಗೆ ತಲುಪಿಸುವ, ಓಟಿಟಿ ಎಂದು ಹೆಸರಾದ ವ್ಯಾಪಾರಕ್ಕೆ ಈ ಧರ್ಮವು ಸಲ್ಲದೇಕೆ?

ಬಾಂದ್ರಾ ನಿಲ್ದಾಣದ ಪಶ್ಚಿಮಕ್ಕೆ 1972ರಲ್ಲಿ ತೆರೆದ ಗೇಯ್ಟಿ-ಗ್ಯಾಲಕ್ಸಿ ಚಿತ್ರಮಂದಿರ. ಪೂರ್ವಕ್ಕೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ನೆಟ್‌ಫ್ಲಿಕ್ಸಿನ ಕಚೇರಿ. ಹೋಟೆಲಿನ ಬಾಗಿಲು ಹಾಕಿ, ನೆಲ ತೊಳೆದು ಮಲಗುವ ನಮ್ಮ ಸೋದರರಿಗೆ ಚಿತ್ರಮಂದಿರದ ಕೊನೆಯ ಆಟವೂ ಸಿಗದು; ಕನ್ನಡ ಚಿತ್ರವಂತೂ ಇಲ್ಲಿ ಅಪರೂಪ. ಆದುದರಿಂದ ಅವರು ಸಂಬಳದಲ್ಲಿ ಉಳಿಸಿ ಓಟಿಟಿಗೆ ಚಂದಾ ತೆರುತ್ತಾರೆ.

ತೆತ್ತ ಮೇಲೆ ನಡೆದುದೇನು? ಅಮೆಜಾನ್ ಪ್ರೈಮಿನ ವಾರ್ಷಿಕ ಚಂದಾ 2021ರ ಡಿಸೆಂಬರಿನಲ್ಲಿ 999 ರೂಪಾಯಿಯಿಂದ 1,499ಕ್ಕೇರಿತು. 2025ರ ಜೂನ್ 17ರಿಂದ ಚಿತ್ರಗಳ ನಡುವೆ ಜಾಹೀರಾತುಗಳು ಬಂದುವು. ಅವು ಬೇಡವೆಂದರೆ ವರ್ಷಕ್ಕೆ ಮತ್ತೆ 699 ರೂಪಾಯಿ ಎಂದು ಗೊತ್ತುಪಡಿಸಲಾಯಿತು. 2022ರ ಮೇ 16ರಂದು ‘ಕೆ.ಜಿ.ಎಫ್. ಚಾಪ್ಟರ್ 2’ ಅಲ್ಲಿಗೆ ಬಂದಾಗ ಚಂದಾದಾರರೂ 199 ರೂಪಾಯಿ ಬಾಡಿಗೆ ತೆರಬೇಕಾಯಿತು. ಇಲ್ಲವಾದರೆ ಜೂನ್ 3ರವರೆಗೆ ಕಾಯಬೇಕಾಯಿತು.

ಅದೇ ವರ್ಷದ ನವೆಂಬರ್ 24ರಂದು ‘ಕಾಂತಾರ’ ಬಂದಿತು. ನಮ್ಮ ಕರಾವಳಿಯ ದೈವದ ಕಥೆಯೆಂದು ಕಾದು ಕುಳಿತವರಿಗೆ ‘ವರಾಹ ರೂಪಂ’ ಹಾಡು ಬೇರೊಂದು ಧಾಟಿಯಲ್ಲಿ ಕೇಳಿಸಿತು. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡದ ಕೃತಿಸ್ವಾಮ್ಯದ ದಾವೆಯೇ ಕಾರಣ. ತಡೆಯಾಜ್ಞೆ ತೆರವಾದ ಮೇಲೆ ಮೊದಲಿನ ಹಾಡು ಮರಳಿತು. ಚಂದಾದಾರನು ಕೊಂಡದ್ದು ಚಿತ್ರವನ್ನಲ್ಲ, ಅವರು ತೋರಿಸಿದಷ್ಟನ್ನು ನೋಡುವ ಅನುಮತಿಯನ್ನು ಮಾತ್ರ ಎಂಬುದು ಅಂದು ಮನದಟ್ಟಾಯಿತು.

ನೆಟ್‌ಫ್ಲಿಕ್ಸ್ ಸಂಸ್ಥೆಯು ಒಂದು ಖಾತೆ ಒಂದೇ ಮನೆಯವರಿಗೆ ಎಂಬ ನಿಯಮವನ್ನು 2023ರ ಜುಲೈ 20ರಂದು ಭಾರತದಲ್ಲಿ ಜಾರಿಗೆ ತಂದಿತು. ಆ ನಿಯಮದ ದೃಷ್ಟಿಯಲ್ಲಿ ಮನೆಯೆಂದರೆ ಒಂದು ಸೂರು. ದುಡಿಯುವವನು ಬಾಂದ್ರಾದಲ್ಲಿ, ಹೆಂಡತಿ ಮಕ್ಕಳು ಕುಂದಾಪುರದಲ್ಲಿ ಇರುವ ಸಂಸಾರವು ಈ ಲೆಕ್ಕದಲ್ಲಿ ಎರಡು ಮನೆ! ನಮ್ಮಂಥ ವಲಸಿಗರಿಗೆ ಇದಕ್ಕಿಂತ ಕಹಿಯಾದ ಲೆಕ್ಕವುಂಟೇ?

ಇಷ್ಟಾದರೂ ಸ್ವಂತ ನುಡಿಗೆ ಮಣೆಯಿಲ್ಲ. ಉಡುಪಿಯವರಾದ ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಸಿದ್ಧಪಡಿಸಿದ, ಕರಾವಳಿಯ ಏಳು ಕಥೆಗಳ ‘ಏಕಂ’ ಸರಣಿಗೆ ದೊಡ್ಡ ವೇದಿಕೆಗಳಲ್ಲಿ ಸ್ಥಳ ದೊರೆಯಲಿಲ್ಲ. 2024ರ ಜುಲೈಯಲ್ಲಿ ಅದನ್ನು ಸ್ವಂತ ಜಾಲತಾಣದಲ್ಲಿಯೇ ಬಿಡುಗಡೆ ಮಾಡಬೇಕಾಯಿತು.

ಸಿಟ್ಟಿನಿಂದ ಕಳ್ಳಪ್ರತಿಗಳತ್ತ ತಿರುಗುವುದು ತರವಲ್ಲ. ಅದರ ಪೆಟ್ಟು ಮೊದಲು ಬೀಳುವುದು ಕನ್ನಡದ ಸಣ್ಣ ನಿರ್ಮಾಪಕರ ಮೇಲೆ. ಗಿರಾಕಿಗೆ ನ್ಯಾಯವಾದ ದಾರಿಗಳುಂಟು. ವರ್ಷದ ಚಂದಾಕ್ಕೆ ಬದಲು ಬೇಕಾದ ತಿಂಗಳಿಗಷ್ಟೇ ಹಣ ಕಟ್ಟಬಹುದು. ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ಜಾರಿಗೊಳಿಸಿದ ನಿಯಮದಂತೆ, ಖಾತೆಯಿಂದ ಚಂದಾ ತಾನಾಗಿ ಕಡಿತವಾಗುವ 24 ಗಂಟೆ ಮುಂಚೆ ಸೂಚನೆ ಬರತಕ್ಕದ್ದು. ಆ ಸಂದೇಶವನ್ನು ಓದದೆ ಅಳಿಸಬಾರದು. ಚಂದಾ ರದ್ದುಮಾಡಲು ಬಿಡದೆ ಸತಾಯಿಸುವ ತಂತ್ರವನ್ನು ಕೇಂದ್ರ ಸರಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅನ್ಯಾಯವಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕೇರಳ ಸರಕಾರವು 2024ರ ಮಾರ್ಚ್ 7ರಂದು ‘ಸಿ ಸ್ಪೇಸ್’ ಎಂಬ ಸ್ವಂತ ವೇದಿಕೆಯನ್ನು ತೆರೆದು, ಒಂದು ಚಿತ್ರಕ್ಕೆ 75 ರೂಪಾಯಿ ಎಂದು ನಿಗದಿಪಡಿಸಿತು. ನೋಡಿದಷ್ಟಕ್ಕೇ ಹಣ. ಕರ್ನಾಟಕವೂ 2025ರ ಮಾರ್ಚಿನ ಆಯವ್ಯಯದಲ್ಲಿ ಇಂಥ ವೇದಿಕೆಯನ್ನು ಸಾರಿದೆ. ಅಲ್ಲಿಯೂ ಚಿತ್ರಕ್ಕಿಷ್ಟು ಎಂಬ ಕ್ರಮವಿರಬೇಕು, ಊರಿಗೂ ಮುಂಬಯಿಗೂ ಒಂದೇ ಖಾತೆ ಸಾಕಾಗಬೇಕು ಎಂದು ಇಲ್ಲಿನ ಕನ್ನಡ ಸಂಘಗಳು ಬೆಂಗಳೂರಿಗೆ ಈಗಲೇ ಬರೆದು ತಿಳಿಸಲಿ.