ಚರ್ಚಿನ ಸಂಗೀತ ಶಾಲೆಯಿಂದ ತಾಜ್ ಹೋಟೆಲಿಗೆ

ಭಗವಾನ್ ದಾದಾ ಮತ್ತು ಗೀತಾ ಬಾಲಿ ಕುಣಿದ ‘ಅಲ್ಬೇಲಾ’ ಚಿತ್ರವನ್ನು ನಿಮ್ಮ ಮನೆಯ ಹಿರಿಯರು ನೋಡಿರಬಹುದು. 1951ರ ಚಿತ್ರ. ಅದರ ಒಂದು ಹಾಡಿನಲ್ಲಿ ವಾದ್ಯಗಾರರ ತಂಡವೇ ತೆರೆಯ ಮೇಲೆ ಬರುತ್ತದೆ. ಅಲ್ಲಿ ಟ್ರಂಪೆಟ್ ಹಿಡಿದವರು ನಟರಲ್ಲ. ಗೋವಾದ ಆಲ್ದೋನಾ ಊರಿನ ಕಥೋಲಿಕ ಮನೆಯ ಮಗ, ಆಂತೋನಿಯೊ ಶಾವಿಯೆರ್ ವಾಜ್. ಮುಂಬಯಿ ಅವರನ್ನು ಕರೆದದ್ದು ಚಿಕ್ ಚಾಕೊಲೇಟ್ ಎಂದು!

ಅವರು ಹುಟ್ಟಿದ್ದು 1916ರಲ್ಲಿ. ಗೋವಾ ಆಗ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿನ ಧರ್ಮಕೇಂದ್ರಗಳು ನಡೆಸುತ್ತಿದ್ದ ಶಾಲೆಗಳಲ್ಲಿ ಮಕ್ಕಳಿಗೆ ಪ್ರಾರ್ಥನೆಯ ಜೊತೆಗೆ ದೋ, ರೇ, ಮೀ ಸ್ವರಗಳನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಉದ್ದೇಶ ಬೇರೇನಲ್ಲ, ಲತೀನ್ ಬಲಿಪೂಜೆಗೆ ಹಾಡಲು, ಹಬ್ಬದ ಮೆರವಣಿಗೆಗೆ ಬಾರಿಸಲು ಜನ ಬೇಕಿತ್ತು. ಬರೆದ ಸ್ವರಲಿಪಿಯನ್ನು ನೋಡಿದೊಡನೆ ನುಡಿಸುವ ಆ ವಿದ್ಯೆ ಮುಂದೆ ಸಾವಿರಾರು ಗೋವನ್ನರಿಗೆ ಅನ್ನ ಕೊಟ್ಟಿತು. ಆದರೂ ಮಗ ಮೆಕ್ಯಾನಿಕ್ ಆಗಲಿ, ನಾಲ್ಕು ಕಾಸು ಖಾತರಿಯಾಗಿ ದುಡಿಯಲಿ ಎಂಬುದು ಹೆತ್ತವರ ಆಸೆ. ಯಾವ ಹೆತ್ತವರಿಗೆ ಇರುವುದಿಲ್ಲ ಹೇಳಿ? ಹುಡುಗನ ಮನಸ್ಸು ಮಾತ್ರ ಟ್ರಂಪೆಟ್ಟಿನ ಮೇಲಿತ್ತು.

ಗೋವಾದಲ್ಲಿ ಕೆಲಸವಿರಲಿಲ್ಲ. ವಾದ್ಯಗಾರರು ಮುಂಬಯಿಯ ದಾರಿ ಹಿಡಿದರು. ಧೋಬಿ ತಲಾವ್ ಸುತ್ತ ಒಂದೊಂದು ಊರಿನವರದು ಒಂದೊಂದು ‘ಕೂಡ್’. ಕಡಿಮೆ ಬಾಡಿಗೆಗೆ ಒಂದು ಪೆಟ್ಟಿಗೆ ಇಡುವಷ್ಟು ಜಾಗ, ರಾತ್ರಿ ಎಲ್ಲರೂ ಸೇರಿ ಜಪಸರ. 1930ರ ದಶಕದಲ್ಲಿ ಕ್ರಿಕೆಟ್ ಸ್ಮಿತ್, ಟೆಡ್ಡಿ ವೆದರ್‌ಫೋರ್ಡ್ ಮುಂತಾದ ಅಮೆರಿಕದ ಕಪ್ಪು ಜನಾಂಗದ ಕಲಾವಿದರು ತಾಜ್ ಹೋಟೆಲಿನಲ್ಲಿ ಜಾಸ್ ನುಡಿಸಿದರು. ಗೋವಾದ ಹುಡುಗರು ಅವರಿಂದ ಕಲಿತರು, ಗ್ರಾಮಫೋನ್ ತಟ್ಟೆಗಳಿಂದಲೂ ಕಲಿತರು. ಆಂತೋನಿಯೊ ಮನಸೋತದ್ದು ಲೂಯಿ ಆರ್ಮ್‌ಸ್ಟ್ರಾಂಗ್‌ಗೆ. ಅದೇ ಗೊಗ್ಗರು ದನಿ, ಕೈಯಲ್ಲಿ ಅದೇ ಬಿಳಿ ಕರವಸ್ತ್ರ! ಜನ ಅವರನ್ನು ಭಾರತದ ಆರ್ಮ್‌ಸ್ಟ್ರಾಂಗ್ ಎಂದೇ ಕರೆದರು. ‘ಚಿಕ್ ಅಂಡ್ ದ ಮ್ಯೂಸಿಕ್ ಮೇಕರ್ಸ್’ ಎಂಬ ಅವರ ಸ್ವಂತ ತಂಡ ಅದೇ ತಾಜ್‌ನಲ್ಲಿ ನುಡಿಸಿತು.

ಜಾಸ್ ಎಂದೊಡನೆ ಕುಡಿತ, ಕುಣಿತ ಎಂದು ಮೂಗು ಮುರಿಯುವವರು ನಮ್ಮಲ್ಲಿ ಇದ್ದಾರೆ. ಅದು ಪೂರ್ತಿ ಸುಳ್ಳೇನೂ ಅಲ್ಲ, ಹೋಟೆಲಿನ ಸಂಗೀತಕ್ಕೆ ಹೋಟೆಲಿನ ಗಿರಾಕಿಗಳೇ ಆಧಾರ. ಬ್ರಿಟಿಷರು ಹೊರಟುಹೋದರು, 1949ರ ಕಾನೂನಿನಿಂದ ಮುಂಬಯಿ ಪ್ರಾಂತ್ಯದಲ್ಲಿ ಪಾನನಿಷೇಧ ಬಿಗಿಯಾಯಿತು, ವಾದ್ಯಗಾರರ ಸಂಪಾದನೆ ಸೊರಗಿತು. ಕೈಹಿಡಿದದ್ದು ಹಿಂದಿ ಸಿನಿಮಾ. ಸಂಗೀತ ನಿರ್ದೇಶಕರಿಗೆ ರಾಗ ಗೊತ್ತು. ಮೂವತ್ತು ನಲವತ್ತು ವಾದ್ಯಗಳನ್ನು ಒಟ್ಟಿಗೆ ನುಡಿಸಬೇಕಾದರೆ ಯಾರಿಗೆ ಯಾವ ಸ್ವರ ಎಂದು ಬರೆದುಕೊಡುವವರು ಬೇಕು. ಹಾಗೆ ಬರೆದವರಲ್ಲೂ, ಬರೆದದ್ದನ್ನು ನುಡಿಸಿದವರಲ್ಲೂ ಚರ್ಚಿನ ಶಾಲೆಯಲ್ಲಿ ಕಲಿತ ಗೋವನ್ನರೇ ಬಹಳ.

ಸಿ. ರಾಮಚಂದ್ರ ಅವರ ಬಳಿ ಚಿಕ್ ಸಹಾಯಕರಾದರು. 1950ರ ‘ಸಮಾಧಿ’ ಚಿತ್ರದ ‘ಗೋರೆ ಗೋರೆ’ ಹಾಡಿನಲ್ಲಿ ಮೊಳಗುವ ಟ್ರಂಪೆಟ್ ಅವರದು. ‘ನಾದಾನ್’ (1951), ‘ರಂಗೀಲಿ’ (1952) ಚಿತ್ರಗಳಿಗೆ ಸ್ವತಃ ಸಂಗೀತ ನೀಡಿದರು. ಇಷ್ಟು ಹೆಸರು ಸಿಕ್ಕಿದ್ದು ಅವರ ಭಾಗ್ಯ. ಅವರ ಪಕ್ಕದಲ್ಲಿ ಕುಳಿತು ನುಡಿಸಿದ ಎಷ್ಟೋ ಮಂದಿಯ ಹೆಸರು ಚಿತ್ರದ ಪಟ್ಟಿಯಲ್ಲಿ ಬರಲೇ ಇಲ್ಲ. ಸಂಬಳ ಕೊಟ್ಟರು, ಸರಿ. ಹೆಸರನ್ನು ಕೊಡಲು ಏನು ಖರ್ಚಾಗುತ್ತಿತ್ತೋ!

ಚಿಕ್ ಚಾಕೊಲೇಟ್ 1967ರಲ್ಲಿ ತೀರಿಕೊಂಡರು. ವಯಸ್ಸು ಇನ್ನೂ ಐವತ್ತರ ಆಸುಪಾಸು. ಆಲ್ದೋನಾದಲ್ಲಿ ಹೊಳೆಯ ದಡದ ಸಂತ ತೋಮಸರ ದೇವಾಲಯ ಈಗಲೂ ಇದೆ. ‘ಅಲ್ಬೇಲಾ’ ಎಲ್ಲಾದರೂ ಸಿಕ್ಕಿದರೆ ನಾಯಕ ನಾಯಕಿಯರನ್ನು ಸ್ವಲ್ಪ ಹೊತ್ತು ಬಿಟ್ಟು, ಹಿಂದೆ ನಿಂತ ಟ್ರಂಪೆಟ್ಟಿನವರನ್ನು ನೋಡಿ.