ಅಪ್ಪ-ಅಮ್ಮನನ್ನು ನ್ಯೂಯಾರ್ಕಿಗೆ ಯಾವಾಗ ಕರೆಸೋಣ?

"ಅಪ್ಪ-ಅಮ್ಮನ್ನ ನ್ಯೂಯಾರ್ಕಿಗೆ ಕರೆಸ್ಬೇಕು, ಯಾವ ತಿಂಗಳು ಒಳ್ಳೇದು?" ಇಲ್ಲಿ ಕನ್ನಡಿಗರು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತೆ. ಉತ್ತರವೂ ಸಿದ್ಧವಾಗಿರುತ್ತೆ: ಸೆಪ್ಟೆಂಬರ್. ಜುಲೈ ತಿಂಗಳ ಸೆಕೆ ಇಲ್ಲ, ಜನವರಿಯ ಹಿಮ ಇಲ್ಲ.

ನಾವೂ ಹಾಗೇ ಮಾಡಿದ್ವಿ. ತುಮಕೂರಿನಿಂದ ಬಂದ ಅಪ್ಪ ನಾಲ್ಕನೇ ದಿನಕ್ಕೆ ಸೀನೋಕೆ ಶುರು ಮಾಡಿದರು. ಕಣ್ಣು ಕೆಂಪಗಾಯ್ತು, ರಾತ್ರಿ ಉಬ್ಬಸ. ವಿಮಾನದ ಆಯಾಸ, ಹೊಸ ಜಾಗ ಅಂತ ನಾವು ಸಮಾಧಾನ ಹೇಳಿದ್ವಿ. ಅಪ್ಪ ಮಾತ್ರ, "ಇಲ್ಲೂ ಕಾಂಗ್ರೆಸ್ ಹುಲ್ಲು ಇದೆ ಕಣೋ" ಅಂದರು. ಊರಲ್ಲಿ ಅವರಿಗೆ ಆ ಗಿಡದ ಅಲರ್ಜಿ. ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದ ನಾವು ನಕ್ಕುಬಿಟ್ವಿ.

ಆದರೆ ಅಪ್ಪ ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿತ್ತು!

ಕಾಂಗ್ರೆಸ್ ಹುಲ್ಲು, ಅಂದರೆ ಪಾರ್ಥೇನಿಯಂ, ಹುಲ್ಲೇ ಅಲ್ಲ. ಅದು ಸೂರ್ಯಕಾಂತಿ, ಸೇವಂತಿಗೆಯ ಕುಟುಂಬದ ಗಿಡ. ಮೂಲ ಅಮೆರಿಕ ಖಂಡ. 1950ರ ದಶಕದಿಂದೀಚೆಗೆ ನಮ್ಮಲ್ಲಿ ಹರಡಿ, ಖಾಲಿ ಸೈಟುಗಳನ್ನೆಲ್ಲ ಆಕ್ರಮಿಸಿಕೊಂಡಿತು. ಅದರ ದಾಯಾದಿ ಗಿಡವೊಂದು ನ್ಯೂಯಾರ್ಕಿನ ರಸ್ತೆಬದಿಯಲ್ಲಿ, ರೈಲು ಹಳಿಗಳ ಪಕ್ಕದಲ್ಲಿ ಬೆಳೆಯುತ್ತೆ. ಹೆಸರು ರ‍್ಯಾಗ್‌ವೀಡ್. ಎರಡರ ಪರಾಗದಲ್ಲೂ ಒಂದನ್ನೊಂದು ಹೋಲುವ ಪ್ರೊಟೀನ್‌ಗಳಿವೆ. ಹಾಗಾಗಿ ಒಂದರ ಮೇಲೆ ಮುನಿಸಿಕೊಂಡ ರೋಗನಿರೋಧಕ ವ್ಯವಸ್ಥೆ, ಇನ್ನೊಂದನ್ನು ಮೊದಲ ಸಲ ಕಂಡಾಗಲೂ ಹಳೇ ಶತ್ರು ಅಂತಲೇ ಭಾವಿಸಬಹುದು.

ಸೆಪ್ಟೆಂಬರ್‌ನಲ್ಲೇ ಯಾಕೆ? ರ‍್ಯಾಗ್‌ವೀಡ್ ಹೂಬಿಡುವ ಕಾಲವನ್ನು ರಾತ್ರಿಯ ಉದ್ದದಿಂದ ತಿಳಿದುಕೊಳ್ಳುತ್ತೆ. ಬೇಸಿಗೆ ಮುಗಿಯುತ್ತಾ ರಾತ್ರಿ ಉದ್ದವಾದಂತೆ, ಆಗಸ್ಟ್ ಮಧ್ಯದಿಂದ ಪರಾಗ ಚೆಲ್ಲುತ್ತೆ, ಸೆಪ್ಟೆಂಬರ್‌ನಲ್ಲಿ ಉತ್ತುಂಗ. ಪರಾಗ ಕಣದ ಅಳತೆ ಸುಮಾರು 20 ಮೈಕ್ರೋಮೀಟರ್, ನಮ್ಮ ತಲೆಗೂದಲಿಗಿಂತಲೂ ಸಣ್ಣದು. ಗಾಳಿಯಲ್ಲಿ ನೂರಾರು ಕಿಲೋಮೀಟರ್ ಹೋಗಬಲ್ಲದು. ಅದೇ ಸಮಯಕ್ಕೆ ಎದ್ದುಕಾಣುವಂತೆ ಅರಳುವ ಹಳದಿ ಗೋಲ್ಡನ್‌ರಾಡ್ ಹೂವಿನ ಮೇಲೆ ಎಲ್ಲರೂ ತಪ್ಪು ಹೊರಿಸ್ತಾರೆ. ಪಾಪ, ಅದರ ಪರಾಗ ಭಾರ, ಅಂಟು. ಅದನ್ನು ಸಾಗಿಸೋದು ಕೀಟಗಳು.

ಹಾಗಾದರೆ ವಸಂತಕ್ಕೆ ಕರೆಸೋಣವೇ? ಏಪ್ರಿಲ್-ಮೇನಲ್ಲಿ ಬರ್ಚ್, ಓಕ್ ಮರಗಳ ಪರಾಗ. ಮೇ-ಜೂನ್‌ನಲ್ಲಿ ನಿಜವಾದ ಹುಲ್ಲುಗಳದ್ದು. ಇವು ಬೇರೆ ಗುಂಪಿನವು. ಕಾಂಗ್ರೆಸ್ ಹುಲ್ಲಿನ ಅಲರ್ಜಿ ಇರುವವರಿಗೆಲ್ಲ ಇವು ತೊಂದರೆ ಕೊಡಲೇಬೇಕು ಅಂತೇನಿಲ್ಲ.

ಅಂದರೆ "ಒಳ್ಳೇ ತಿಂಗಳು" ಅನ್ನೋದು ಊರಿನ ಹವೆಯಿಂದ ಮಾತ್ರ ತೀರ್ಮಾನ ಆಗಲ್ಲ, ಬರುವವರ ಮೈಯನ್ನೂ ಕೇಳಬೇಕು. ಟಿಕೆಟ್ ತೆಗೆಯುವ ಮುಂಚೆ ಮನೆಗೆ ಫೋನ್ ಮಾಡಿ: ಊರಲ್ಲಿ ಯಾವ ತಿಂಗಳು ಸೀನು ಬರುತ್ತೆ? ಯಾವ ಗಿಡದ ಹತ್ತಿರ? ಉಬ್ಬಸ ಇದ್ದರೆ ಅಲ್ಲಿನ ವೈದ್ಯರನ್ನೇ ಕಂಡು, ಔಷಧಿ, ಚೀಟಿ ಎರಡನ್ನೂ ಕೈಚೀಲದಲ್ಲೇ ತರೋಕೆ ಹೇಳಿ.

ಮುಂದಿನ ಸಲ ಅಪ್ಪನನ್ನು ಅಕ್ಟೋಬರ್ ಕೊನೆಗೆ ಕರೆಸಿದ್ವಿ. ಆ ಹೊತ್ತಿಗೆ ರ‍್ಯಾಗ್‌ವೀಡ್ ಹಾವಳಿ ಬಹುಪಾಲು ಇಳಿದಿರುತ್ತೆ, ಸೆಂಟ್ರಲ್ ಪಾರ್ಕಿನ ಮರಗಳು ಬಣ್ಣಕ್ಕೆ ತಿರುಗಿರುತ್ತವೆ. ಮಂಕಿ ಕ್ಯಾಪ್ ಹಾಕಿಕೊಂಡು ಅಪ್ಪ ಎರಡು ಗಂಟೆ ನಡೆದರು, ಒಂದು ಸೀನೂ ಇಲ್ಲ. "ಈಗ ನಂಬ್ತೀಯಾ?" ಅಂತ ಕೇಳಿದರು. ನಂಬಿದ್ವಿ.